ಹಚ್ಚೆಯ ಗುರುತು, ನೋಡುವ ಕಣ್ಣು

ಹುಟ್ಟಿದಾಗ ಬಂದ ಮೈಯನ್ನು ಬಂದ ಹಾಗೆಯೇ ಇರಗೊಟ್ಟ ಜನಾಂಗ ಭೂಮಿಯ ಮೇಲೆ ಕಾಣಸಿಗುವುದು ಕಷ್ಟ. ಕಿವಿ ಚುಚ್ಚಿಸುವುದು, ಹಣೆಗೆ ಕುಂಕುಮವಿಡುವುದು, ಅಂಗೈಗೆ ಮದರಂಗಿ ಹಚ್ಚುವುದು, ಕಣ್ಣಿಗೆ ಕಾಡಿಗೆ ತೀಡುವುದು, ಇವೆಲ್ಲವೂ ಮನುಷ್ಯನು ತನ್ನ ದೇಹವನ್ನು ತನ್ನದೆಂದು ಸಾರಿಕೊಳ್ಳುವ ಬಗೆಗಳು. ಇವುಗಳಲ್ಲಿ ಬಹುಪಾಲು ತೊಳೆದರೆ ಹೋಗುವಂಥವು, ಕಳಚಿದರೆ ಬರುವಂಥವು. ನಾವು ಧರಿಸುವ ವಿಭೂತಿಯೂ ದಿನದಿನವೂ ಹೊಸದಾಗಿ ಧರಿಸಬೇಕಾದ ಲಾಂಛನ. ನಿನ್ನೆಯ ವಿಭೂತಿ ಇಂದಿಗೆ ಸಲ್ಲದು. ಹಚ್ಚೆಯೊಂದು ಮಾತ್ರ ಈ ಸಾಲಿಗೆ ಸೇರದು. ಒಮ್ಮೆ ಚುಚ್ಚಿಸಿಕೊಂಡರೆ ಅದು ಮಣ್ಣಿಗೆ ಹೋಗುವವರೆಗೂ ಸಂಗಡ ಬರುತ್ತದೆ. ಆದ್ದರಿಂದಲೇ ಅದರ ವಿಷಯದಲ್ಲಿ ಜನರ ಮೆಚ್ಚುಗೆಯೂ ಉಗ್ರ, ತಿರಸ್ಕಾರವೂ ಉಗ್ರ.

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಹಚ್ಚೆಯ ಮಾತೇಕೆ ಎಂದು ವಾಚಕ ಮಹಾಶಯರು ಕೇಳಬಹುದು. ಇತ್ತೀಚಿನ ವರ್ಷಗಳಲ್ಲಿ ಅಧ್ಯಾಪಕರ ಕೊಠಡಿಗಳಲ್ಲಿ ಈ ಮಾತು ಪದೇಪದೇ ಏಳುತ್ತಿದೆ. ಹತ್ತನೆಯ ತರಗತಿಯ ಹುಡುಗನ ತೋಳಿನ ಮೇಲೆ ಚಲನಚಿತ್ರ ನಟನ ಹೆಸರು ಕಂಡಾಗ ಒಬ್ಬ ಉಪಾಧ್ಯಾಯರು ಗದರಿಸುತ್ತಾರೆ, ಇನ್ನೊಬ್ಬರು ನಗುತ್ತಾರೆ, ಮೂರನೆಯವರು ಕಾಲಮಹಿಮೆ ಎಂದು ಸುಮ್ಮನಾಗುತ್ತಾರೆ. ಅದೇ ಹುಡುಗನ ಅಜ್ಜಿಯ ಮುಂಗೈಯಲ್ಲಿ ತುಳಸಿಕಟ್ಟೆಯ ಹಚ್ಚೆಯಿರುವುದನ್ನು ಮೂವರೂ ಗಮನಿಸಿರುವುದಿಲ್ಲ. ಒಂದೇ ಮನೆಯ ಎರಡು ತೋಳುಗಳಲ್ಲಿ ಒಂದನ್ನು ಕಂಡು ಕೆರಳುವ, ಇನ್ನೊಂದನ್ನು ಕಾಣದೆಯೇ ಹೋಗುವ ನಮ್ಮ ಕಣ್ಣನ್ನು ಕುರಿತು ಎರಡು ಮಾತು ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದವನ್ನು ವಿಚಾರಿಸೋಣ. ಹಚ್ಚೆ ಎಂಬುದು 'ಪಚ್ಚೆ' ಎಂಬುದರ ರೂಪಾಂತರ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪೂ ಹೂವಾದಂತೆ ಪಚ್ಚೆ ಹಚ್ಚೆಯಾಯಿತು. ಪಚ್ಚೆಯೆಂದರೆ ಹಸಿರು. ನಮ್ಮ ಬಳ್ಳಾರಿ ಸೀಮೆಯಲ್ಲಿ ಕನ್ನಡದ ಮಗ್ಗುಲಲ್ಲಿಯೇ ತೆಲುಗು ಬಾಳುತ್ತಿದೆ. ಆ ಭಾಷೆಯವರು ಇದನ್ನು 'ಪಚ್ಚಬೊಟ್ಟು' ಎನ್ನುತ್ತಾರೆ. ತಮಿಳರು 'ಪಚ್ಚೈ ಕುತ್ತುವುದು' ಎನ್ನುತ್ತಾರೆ. ಮೂರು ನುಡಿಗಳಲ್ಲಿಯೂ ಹಸಿರಿನ ಹೆಸರೇ ನಿಂತಿದೆ. ಚುಚ್ಚುವ ಮಸಿ ಕಪ್ಪಾದರೂ ತೊಗಲಿನ ಪದರದ ಕೆಳಗಿನಿಂದ ನೋಡುವ ಕಣ್ಣಿಗೆ ಅದು ನೀಲಿಹಸಿರಾಗಿ ತೋರುತ್ತದೆ. ನಮ್ಮ ಹಿರಿಯರು ಕಂಡದ್ದನ್ನು ಕಂಡ ಹಾಗೆಯೇ ಹೆಸರಿಸಿದ್ದಾರೆ. ಇಂದಿನ ಯುವಕರ ಬಾಯಲ್ಲಿರುವ 'ಟ್ಯಾಟೂ' ಎಂಬ ಶಬ್ದವಾದರೋ ಪೆಸಿಫಿಕ್ ಮಹಾಸಾಗರದ ದ್ವೀಪಗಳದು. 1769ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗು ತಾಹಿತಿ ದ್ವೀಪವನ್ನು ಮುಟ್ಟಿದಾಗ ಅಲ್ಲಿಯವರ 'ತಾತಾವು' ಎಂಬ ನುಡಿ ಇಂಗ್ಲಿಷಿಗೆ ಸೇರಿ ಲೋಕವನ್ನೆಲ್ಲ ಸುತ್ತಿ ಈಗ ನಮ್ಮ ಹೊಸಪೇಟೆ ಬಳ್ಳಾರಿಗಳ ಅಂಗಡಿಯ ಫಲಕಗಳಿಗೆ ಬಂದಿದೆ. ವಸ್ತು ಒಂದೇ, ಹಳೆಯ ಹೆಸರಿನಿಂದ ಕರೆದರೆ ಹಳ್ಳಿಗಾಡಿನದು, ಹೊಸ ಹೆಸರಿನಿಂದ ಕರೆದರೆ ನಾಗರಿಕವಾದುದು!

ಈ ಪದ್ಧತಿ ಎಷ್ಟು ಹಳೆಯದು? ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ನಮ್ಮ ಕುಡತಿನಿಯ ಬೂದಿದಿಬ್ಬವಿದೆ. ನವಶಿಲಾಯುಗದ ದನಗಾಹಿಗಳು ಸುಟ್ಟ ಸೆಗಣಿಯ ಬೂದಿ ಅದೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಬಳ್ಳಾರಿಯ ಪಕ್ಕದ ಸಂಗನಕಲ್ಲು ಕಪ್ಪಗಲ್ಲುಗಳ ಬೆಟ್ಟದ ಬಂಡೆಗಳ ಮೇಲೆ ಅಂದಿನ ಜನರು ಕುಟ್ಟಿ ಮೂಡಿಸಿದ ಗೂಳಿಗಳ ಚಿತ್ರಗಳಿವೆ. ಸಾವಿರಾರು ವರ್ಷಗಳ ಬೂದಿ ಉಳಿದಿದೆ, ಬಂಡೆಯ ಗೀರು ಉಳಿದಿದೆ. ಆದರೆ ತೊಗಲು ಉಳಿಯುವ ವಸ್ತುವಲ್ಲ. ಮೈಯ ಮೇಲಿನ ಚಿತ್ರ ಮೈಯೊಡನೆ ಮಣ್ಣಾಗುತ್ತದೆ. ಅದು ಉಳಿಯಬೇಕಾದರೆ ಹಿಮಗಡ್ಡೆಯಂಥ ಆಸರೆ ಬೇಕು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, ಸುಮಾರು 5300 ವರ್ಷಗಳಷ್ಟು ಹಿಂದಿನ ಮನುಷ್ಯನ ದೇಹದಲ್ಲಿ 61 ಹಚ್ಚೆಯ ಗುರುತುಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಹಲವು ಸೊಂಟ, ಮೊಣಕಾಲು, ಹರಡುಗಳ ಹತ್ತಿರ ಇರುವುದರಿಂದ ನೋವಿನ ಉಪಶಮನಕ್ಕಾಗಿ ಚುಚ್ಚಿಸಿಕೊಂಡವಿರಬೇಕೆಂದು ಪಂಡಿತರ ಊಹೆ. ಕೀಲುನೋವಿಗೆ ಹಚ್ಚೆ ಒಳ್ಳೆಯದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿಯೂ ಇದ್ದಿತೆಂಬುದನ್ನು ಬಲ್ಲವರಿಗೆ ಈ ಸಂಗತಿ ವಿಸ್ಮಯವನ್ನುಂಟುಮಾಡದಿರದು.

ನಮ್ಮಲ್ಲಿ ಹಚ್ಚೆಯ ವಿದ್ಯೆಯನ್ನು ಕಾಪಾಡಿಕೊಂಡು ಬಂದವರು ಮುಖ್ಯವಾಗಿ ಕೊರವ, ಕೊರಚ, ಕೊರಮ ಸಮುದಾಯಗಳ ಹೆಣ್ಣುಮಕ್ಕಳು. ಎಡ್ಗರ್ ಥರ್ಸ್ಟನ್ನರು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಬುಡಕಟ್ಟುಗಳ ಗ್ರಂಥದಲ್ಲಿ ಈ ಹೆಂಗಸರು ಊರಿಂದೂರಿಗೆ ತಿರುಗಿ ಹಚ್ಚೆ ಹಾಕುತ್ತಿದ್ದುದನ್ನು ಬರೆದಿಟ್ಟಿದ್ದಾರೆ. ಸುಗ್ಗಿ ಮುಗಿದು ಕಣದಲ್ಲಿ ಜೋಳ ಬಿದ್ದಾಗ ಕೊರವಂಜಿ ಬುಟ್ಟಿ ಹೊತ್ತು ಊರಿಗೆ ಬರುತ್ತಿದ್ದಳು. ಕಣಿ ಹೇಳುವುದೂ ಅವಳೇ, ಹಚ್ಚೆ ಚುಚ್ಚುವುದೂ ಅವಳೇ. ದೀಪದ ಮಸಿ, ಸೊಪ್ಪಿನ ರಸ, ಬಾಣಂತಿಯ ಎದೆಹಾಲು, ಇವು ಅವಳ ಬಣ್ಣದ ಸಾಮಗ್ರಿ. ಮೂರು ನಾಲ್ಕು ಸೂಜಿಗಳನ್ನು ದಾರದಿಂದ ಬಿಗಿದು ಕಟ್ಟಿದ್ದೇ ಅವಳ ಲೇಖನಿ. ಚುಚ್ಚಿದ ಮೇಲೆ ಅರಿಸಿನ ಮತ್ತು ಎಣ್ಣೆಯ ಲೇಪ. ನೋವಿನಿಂದ ಹುಡುಗಿಯ ಮನಸ್ಸನ್ನು ಬೇರೆಡೆಗೆ ಸೆಳೆಯಲೆಂದು ಅವಳು ಹಾಡುತ್ತಿದ್ದಳು. ಕೂಲಿಯೆಂದರೆ ಮೊರದ ತುಂಬ ಜೋಳ, ಒಂದು ಹಳೆಯ ಸೀರೆ, ಎಲೆಅಡಿಕೆ. ಗಲ್ಲದ ಮೇಲೆ ಚುಕ್ಕಿ, ಹುಬ್ಬುಗಳ ನಡುವೆ ಬೊಟ್ಟು, ಮುಂಗೈಯಲ್ಲಿ ತುಳಸಿಕಟ್ಟೆ, ತೊಟ್ಟಿಲು, ನವಿಲು, ಚೇಳು, ರಂಗೋಲಿಯ ಎಳೆಗಳು. ಮಾದರಿಯ ಪುಸ್ತಕ ಅವಳಲ್ಲಿರಲಿಲ್ಲ. ಅವಳ ತಾಯಿ ಕಲಿಸಿದ್ದೇ ಅವಳ ಪುಸ್ತಕ.

ಇನ್ನು ಜನರು ಏಕೆ ಹಾಕಿಸಿಕೊಳ್ಳುತ್ತಿದ್ದರೆಂಬ ಪ್ರಶ್ನೆ. ಚೆಲುವಿಗಾಗಿ ಎಂಬುದು ಮೊದಲನೆಯ ಉತ್ತರ, ಅದನ್ನು ಕೀಳಾಗಿ ಕಾಣಬೇಕಾಗಿಲ್ಲ. ಬಂಗಾರವನ್ನು ಕಾಣದ ಮನೆಯ ಹೆಣ್ಣುಮಗಳಿಗೆ ಅದೊಂದು ಒಡವೆ. ಕಳ್ಳನು ಕದಿಯಲಾರ, ಸಾಹುಕಾರನು ಒತ್ತೆಯಿಡಿಸಿಕೊಳ್ಳಲಾರ, ದಾಯಾದಿಯು ಪಾಲು ಕೇಳಲಾರ. ಸತ್ತ ಮೇಲೆ ಓಲೆ, ಮೂಗುತಿ, ಕಾಲುಂಗುರಗಳನ್ನು ಬಂಧುಗಳು ಬಿಚ್ಚಿಕೊಳ್ಳುತ್ತಾರೆ. ಹಚ್ಚೆಯೊಂದೇ ಕೂಡ ಬರುವ ಸೊತ್ತು ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಬಡತನದ ಈ ಮಾತಿನಲ್ಲಿ ಎಷ್ಟು ಗಾಂಭೀರ್ಯವಿದೆಯೆಂಬುದನ್ನು ಸಹೃದಯರು ಊಹಿಸಬಹುದು. ದೃಷ್ಟಿ ತಾಗದಿರಲೆಂದು, ಚೇಳು ಕಡಿಯದಿರಲೆಂದು, ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಗುರುತು ಸಿಗಲೆಂದು ಹಾಕಿಸುತ್ತಿದ್ದುದೂ ಉಂಟು. ಲಂಬಾಣಿ ತಾಂಡಾಗಳ ಹಿರಿಯ ಹೆಂಗಸರ ಕೈ ಮುಖಗಳಲ್ಲಿ ಹಚ್ಚೆಯು ಕುಲದ ಗುರುತಾಗಿಯೂ ನಿಂತಿತು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದಿರುವುದು ಹೆಸರಿನ ಹಚ್ಚೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬುದು ನಮ್ಮ ಹಳೆಯ ಸಂಪ್ರದಾಯ. ಮದುವೆಮನೆಯಲ್ಲಿ ಒಡಪು ಕಟ್ಟಿ, ನಾಚಿ, ಒಮ್ಮೆ ಹೇಳಿದರೆ ಮುಗಿಯಿತು. ಮತ್ತೆ ಜೀವಮಾನವೆಲ್ಲ ಅದು ಮೌನದ ಹೆಸರು. ಅಂಥ ಹೆಣ್ಣುಮಗಳು ಆ ಹೆಸರನ್ನು ಮುಂಗೈಯ ಮೇಲೆ ಬರೆಯಿಸಿಕೊಳ್ಳುತ್ತಿದ್ದಳು. ನಮ್ಮ ಅಜ್ಜಿಯ ಎಡಗೈಯಲ್ಲಿ ಅಜ್ಜನ ಹೆಸರಿನ ನಾಲ್ಕು ಅಕ್ಷರಗಳಿದ್ದವು. ಒಂದಕ್ಷರಕ್ಕೆ ಕೊಂಬು ತಪ್ಪಿತ್ತು. ಅವಳಿಗೆ ಓದು ಬಾರದು. ಜನಗಣತಿಯವರು ಮನೆಗೆ ಬಂದು ಯಜಮಾನರ ಹೆಸರೇನೆಂದು ಕೇಳಿದಾಗ ಅವಳು ತುಟಿ ಬಿಚ್ಚದೆ ಕೈ ಮುಂದಕ್ಕೆ ಚಾಚಿದಳೆಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳಿಕೊಳ್ಳುತ್ತಾರೆ. ಅಕ್ಷರವೆಂದರೆ ಕ್ಷರವಿಲ್ಲದ್ದು, ನಾಶವಿಲ್ಲದ್ದು ಎಂದು ನಾವು ಪಾಠ ಹೇಳುತ್ತೇವೆ. ಪಾಟಿಯ ಮೇಲಿನ ಅಕ್ಷರವನ್ನು ಅಳಿಸುತ್ತೇವೆ, ಕಾಗದದ ಮೇಲಿನದನ್ನು ಗೆದ್ದಲು ತಿನ್ನುತ್ತದೆ. ಶಾಲೆಯ ಮೆಟ್ಟಿಲನ್ನೇ ತುಳಿಯದಿದ್ದ ಆ ತಾಯಂದಿರು ಮಾತ್ರ ತಮ್ಮ ಅಕ್ಷರಗಳನ್ನು ಕಡೆಯವರೆಗೂ ಹೊತ್ತು ನಡೆದರು. ಎಷ್ಟೋ ಮನೆಗಳಲ್ಲಿ ಪ್ರವೇಶ ಮಾಡಿದ ಮೊದಲ ಬರಹ ಪುಸ್ತಕದಲ್ಲಿ ಬರಲಿಲ್ಲ, ಸೊಸೆಯ ಕೈಯಲ್ಲಿ ಬಂತು.

ಹೀಗೆಂದ ಮಾತ್ರಕ್ಕೆ ಹಳೆಯದನ್ನೆಲ್ಲ ಹೊಗಳುವುದು ನನ್ನ ಉದ್ದೇಶವೆಂದು ಯಾರೂ ಭಾವಿಸಬಾರದು. ಎಂಟು ಹತ್ತು ವರ್ಷದ ಹುಡುಗಿಯನ್ನು ಇಬ್ಬರು ಹೆಂಗಸರು ಹಿಡಿದು ಕೂಡಿಸಿ ಚುಚ್ಚಿಸುತ್ತಿದ್ದರು. ಆ ಕೂಸು ಒಪ್ಪಿತೋ ಇಲ್ಲವೋ ಕೇಳಿದವರಿಲ್ಲ. ಹಚ್ಚೆಯಿಲ್ಲದ ಸೊಸೆಯ ಕೈನೀರು ಕುಡಿಯಬಾರದೆಂಬ ಅತ್ತೆಯರೂ ಇದ್ದರು. ಇನ್ನೂ ಕಠೋರವಾದ ಸಂಗತಿಗಳಿವೆ. ನಮ್ಮ ಬಳ್ಳಾರಿ ಸೀಮೆಯಲ್ಲಿ ಬಸವಿ ಬಿಡುವ ಪದ್ಧತಿಯಿದ್ದಾಗ ದೇವರ ಹೆಸರಿನಲ್ಲಿ ಬಿಟ್ಟ ಹುಡುಗಿಯ ಭುಜಗಳ ಮೇಲೆ ಶಂಖಚಕ್ರಗಳ ಮುದ್ರೆಯನ್ನು ಕಾಸಿ ಒತ್ತುತ್ತಿದ್ದುದನ್ನು ಥರ್ಸ್ಟನ್ನರ ಗ್ರಂಥವೇ ದಾಖಲಿಸಿದೆ. ಅದು ಸೂಜಿಯ ಹಚ್ಚೆಯಲ್ಲ, ಬೆಂಕಿಯ ಬರೆ. ಆದರೂ ಮೈಯ ಮೇಲೆ ಇನ್ನೊಬ್ಬರು ಬರೆದ ಶಾಸನವೆಂಬ ಅರ್ಥದಲ್ಲಿ ಎರಡೂ ಒಂದೇ ವಂಶದವು. ಹೆಣ್ಣುಮಕ್ಕಳನ್ನು ಹೀಗೆ ಬಿಡುವುದನ್ನು ಕರ್ನಾಟಕವು 1982ರ ಕಾಯಿದೆಯಿಂದ ನಿಷೇಧಿಸಿತು. ಬಂಗಾಳ, ಮದ್ರಾಸು ಪ್ರಾಂತಗಳಲ್ಲಿ ಕಂಪನಿ ಸರ್ಕಾರವು ಜೀವಾವಧಿ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಿಂದ ಬರೆಯಿಸುತ್ತಿದ್ದಿತು. ಆ ಪದ್ಧತಿ ನಿಂತದ್ದು 1849ರಲ್ಲಿ. ನಾಜಿಗಳು ಆಶ್‌ವಿಟ್ಜ್ ಶಿಬಿರದ ಬಂದಿಗಳ ತೋಳಿನ ಮೇಲೆ ಸಂಖ್ಯೆಗಳನ್ನು ಚುಚ್ಚಿ ಮನುಷ್ಯರನ್ನು ಲೆಕ್ಕದ ಪುಸ್ತಕದ ಬಾಬುಗಳನ್ನಾಗಿ ಮಾಡಿದರು. ಸ್ವತಂತ್ರ ಭಾರತದಲ್ಲಿಯೇ, 1993ರಲ್ಲಿ, ಅಮೃತಸರದಲ್ಲಿ ನಾಲ್ವರು ಹೆಂಗಸರ ಹಣೆಯ ಮೇಲೆ ಪೊಲೀಸರು ಜೇಬುಗಳ್ಳಿಯರೆಂದು ಹಚ್ಚೆ ಚುಚ್ಚಿಸಿದರು. ಅದಕ್ಕೆ ಕಾರಣರಾದವರಿಗೆ ನ್ಯಾಯಾಲಯ ಶಿಕ್ಷೆ ವಿಧಿಸಿದ್ದು 2016ರಲ್ಲಿ. ಅಷ್ಟರಲ್ಲಿ ಇಪ್ಪತ್ಮೂರು ವರ್ಷಗಳು ಕಳೆದಿದ್ದವು.

ಆದುದರಿಂದ ಹಚ್ಚೆಯು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಸರಿಯಾದ ಪ್ರಶ್ನೆಯಲ್ಲ. ಆ ಗುರುತನ್ನು ಇಚ್ಛಿಸಿದವರು ಯಾರು? ಮೈ ಯಾರದೋ ಅವರ ಇಚ್ಛೆಯೇ, ಅಥವಾ ಮೈಯ ಮೇಲೆ ಅಧಿಕಾರ ನಡೆಸಿದವರ ಇಚ್ಛೆಯೇ? ಕೇಳಬೇಕಾದ ಮೊದಲನೆಯ ಪ್ರಶ್ನೆ ಇದು. ಆ ಗುರುತನ್ನು ಓದುವ ಕಣ್ಣು ನ್ಯಾಯವಾಗಿದೆಯೇ? ಇದು ಎರಡನೆಯದು.

ಎರಡನೆಯ ಪ್ರಶ್ನೆಗೆ ಇತಿಹಾಸ ಕೊಡುವ ಉತ್ತರ ನಮ್ಮನ್ನು ತಲೆತಗ್ಗಿಸುವಂತೆ ಮಾಡುತ್ತದೆ. 1881ರಲ್ಲಿ ಇಂಗ್ಲೆಂಡಿನ ರಾಜಕುಮಾರ ಜಾರ್ಜನು ನೌಕಾಪಡೆಯೊಡನೆ ಜಪಾನಿಗೆ ಹೋದಾಗ ತೋಳಿನ ಮೇಲೆ ಡ್ರ್ಯಾಗನ್ನಿನ ಹಚ್ಚೆ ಹಾಕಿಸಿಕೊಂಡನು. ಅದನ್ನು ಕಂಡು ಯಾರೂ ಅವನನ್ನು ಅನಾಗರಿಕನೆನ್ನಲಿಲ್ಲ; ಶ್ರೀಮಂತರು ಅನುಕರಿಸಿದರು. ಅದೇ ಜಾರ್ಜನು ಐದನೆಯ ಜಾರ್ಜ್ ಎಂಬ ಹೆಸರಿನಿಂದ ಚಕ್ರವರ್ತಿಯಾಗಿ 1911ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ದರ್ಬಾರು ನಡೆಸಿದನು. ಅದೇ 1911ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯು ಮದ್ರಾಸು ಪ್ರಾಂತಕ್ಕೂ ಹಬ್ಬಿತು. ನಮ್ಮ ಬಳ್ಳಾರಿಯು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತಕ್ಕೆ ಸೇರಿದ್ದಿತು. ಆ ಕಾಯಿದೆಯ ಮೇರೆಗೆ ಕೊರವ, ಕೊರಚ ಸಮುದಾಯಗಳ ಅನೇಕ ಗುಂಪುಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಘೋಷಿಸಲಾಯಿತು; ಅವರು ಠಾಣೆಯಲ್ಲಿ ಹೆಸರು ಬರೆಸಿ, ಬೆರಳೊತ್ತಿ, ಊರು ಬಿಡಬೇಕಾದರೆ ಅಪ್ಪಣೆ ಪಡೆಯಬೇಕಾಯಿತು. ತೋಳಿನಲ್ಲಿ ಹಚ್ಚೆಯಿದ್ದವನು ಸಿಂಹಾಸನದ ಮೇಲೆ, ಹಚ್ಚೆ ಹಾಕುವ ಕೈ ಠಾಣೆಯ ಬಾಗಿಲಲ್ಲಿ! ಶ್ರೀನಿವಾಸ ಕಲ್ಯಾಣದ ಕಥೆಯಲ್ಲಿ ತಿರುಪತಿಯ ದೇವರು ತನ್ನ ಮದುವೆಯ ಕಾರ್ಯಕ್ಕಾಗಿ ಕಣಿ ಹೇಳುವ ಕೊರವಂಜಿಯ ವೇಷವನ್ನೇ ಧರಿಸಿದನೆಂದು ಹಾಡಿ ಕೊಂಡಾಡುವ ಸಮಾಜ, ಹರಕುಸೀರೆಯ ನಿಜವಾದ ಕೊರವಂಜಿಯನ್ನು ಕಳ್ಳಿಯೆಂದು ಓಡಿಸಿತು. 1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ಕಾಗದದ ಮೇಲಿನ ಹಣೆಪಟ್ಟಿ ಅಳಿಯಿತು. ಜನರ ಮನಸ್ಸಿನಲ್ಲಿ ಚುಚ್ಚಿದ ಹಚ್ಚೆ ಅಷ್ಟು ಬೇಗ ಅಳಿಯಲಿಲ್ಲ.

ಆಮೇಲೆ ಬಂದದ್ದು ವಿದ್ಯಾವಂತರ ನಾಚಿಕೆಯ ಕಾಲ. ಈ ಮಾತನ್ನು ಶಾಲೆಯವರಾದ ನಾವೇ ಹೇಳಬೇಕಾಗಿದೆ. ಸ್ವಾತಂತ್ರ್ಯಾನಂತರ ಓದು ಹಳ್ಳಿಗಳಿಗೆ ಬಂತು, ಬಂದದ್ದು ಪರಮೋಪಕಾರವಾಯಿತು. ಆದರೆ ಓದಿನ ಹಿಂದೆಯೇ ಒಂದು ಕಿರಿದಾದ ಅಭಿಮಾನವೂ ಬಂದಿತು. ಹಚ್ಚೆಯ ಕೈ ಅವಿದ್ಯೆಯ ಗುರುತಾಯಿತು. ಹೆಣ್ಣು ನೋಡಲು ಬಂದವರು ಹುಡುಗಿಯ ಗಲ್ಲದ ಚುಕ್ಕಿಯನ್ನು ಕಂಡು ಮುಖ ತಿರುಗಿಸಿದರು. ಪದವಿ ಪಡೆದ ಮೊಮ್ಮಗಳು ಶಾಲೆಯ ವಾರ್ಷಿಕೋತ್ಸವಕ್ಕೆ ಬಂದ ಅಜ್ಜಿಗೆ ಸೆರಗನ್ನು ಮುಂಗೈಯವರೆಗೆ ಎಳೆದುಕೊಳ್ಳೆಂದು ಪಿಸುಗುಟ್ಟಿದಳು. ಆ ಮಾತನ್ನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದವನು ನಾನು. ಅಜ್ಜಿ ಏನೂ ಹೇಳದೆ ಸೆರಗೆಳೆದುಕೊಂಡಳು. ಆ ಮೊಮ್ಮಗಳನ್ನು ದೂರಿ ಪ್ರಯೋಜನವಿಲ್ಲ. ಆ ಕೈ ಹೊಲದಲ್ಲಿ ದುಡಿದದ್ದರಿಂದ ತಾನು ಓದಿದೆನೆಂಬುದನ್ನು ನಾವು ಪಾಠದಲ್ಲಿ ಸೇರಿಸಲಿಲ್ಲ.

ಈಗ ಕಾಲಚಕ್ರ ಇನ್ನೊಂದು ಸುತ್ತು ತಿರುಗಿದೆ. ಅಮೆರಿಕದಲ್ಲಿ 1891ರಲ್ಲಿಯೇ ಹಚ್ಚೆಯ ವಿದ್ಯುದ್ಯಂತ್ರಕ್ಕೆ ಹಕ್ಕುಪತ್ರ ದೊರೆತಿತ್ತು. ಆ ಯಂತ್ರದ ಸಂತತಿ ಇಂದು ನಗರದ ತಂಪು ಕೊಠಡಿಗಳಲ್ಲಿಯೂ ಜಾತ್ರೆಯ ಬಯಲಿನಲ್ಲಿಯೂ ಗುಂಯ್‌ಗುಡುತ್ತಿದೆ. ನಗರದ ಯುವಕನು ಸಾವಿರಾರು ರೂಪಾಯಿ ತೆತ್ತು ತೋಳಿನ ತುಂಬ ಚಿತ್ರ ಬರೆಯಿಸಿಕೊಂಡರೆ ಅದು ಕಲೆ. ಜಾತ್ರೆಯಲ್ಲಿ ಕೂಲಿಯ ಹುಡುಗನು ತಾಯಿಯ ಹೆಸರು ಬರೆಯಿಸಿಕೊಂಡರೆ ಅದು ಪೋಕರಿತನ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು ಅಕಾಲ ಮರಣಕ್ಕೀಡಾದಾಗ ಕರ್ನಾಟಕದ ಊರೂರುಗಳಲ್ಲಿ ಅಭಿಮಾನಿಗಳು 'ಅಪ್ಪು' ಎಂಬ ಹೆಸರನ್ನೂ ಅವರ ಮುಖವನ್ನೂ ಹಚ್ಚೆಯಾಗಿ ಹಾಕಿಸಿಕೊಂಡರು. ಕೆಲವರಿಗೆ ಇದು ಹುಚ್ಚಾಟವಾಗಿ ಕಂಡಿತು. ನನಗೆ ಹಾಗೆ ಕಾಣಲಿಲ್ಲ. ಅಗಲಿದವರ ಹೆಸರನ್ನು ಎಲ್ಲಿ ಇಡುವುದೆಂದು ತಿಳಿಯದ ದುಃಖ ಅದು. ಸ್ಮಾರಕ ಕಟ್ಟಿಸುವ ಶಕ್ತಿಯಿಲ್ಲದವನು ತನ್ನ ಮೈಯನ್ನೇ ಸ್ಮಾರಕದ ಕಲ್ಲಾಗಿ ಮಾಡಿಕೊಂಡನು. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸಿ ಗೋಡೆಗೆ ಹಚ್ಚುವ ನಮಗೆ ಈ ಭಾವ ಅರ್ಥವಾಗದಿರಬಾರದು.

ಆದರೂ ನಮ್ಮ ವಿದ್ಯಾರ್ಥಿಗಳು ಹಚ್ಚೆ ಹಾಕಿಸಿಕೊಳ್ಳಲಿ ಎಂದು ನಾನು ಹೇಳುತ್ತಿಲ್ಲ. ಅವರು ಕಾಯಲಿ ಎಂದು ಹೇಳುತ್ತೇನೆ, ಅದಕ್ಕೆ ಕಾರಣಗಳನ್ನೂ ಕೊಡುತ್ತೇನೆ. ದೇವರು ಕೊಟ್ಟ ಮೈಯನ್ನು ಕೆಡಿಸಬಾರದೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಮಗುವಿನ ಕಿವಿಯನ್ನು ನಾವೇ ಚುಚ್ಚಿಸುತ್ತೇವಲ್ಲ! ನನ್ನ ಕಾರಣಗಳು ಲೌಕಿಕವಾದವು.

ಮೊದಲನೆಯದು ಆರೋಗ್ಯ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಸೋಂಕುಗಳು ರಕ್ತದಿಂದ ರಕ್ತಕ್ಕೆ ದಾಟುವ ಅಪಾಯವಿದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಸೂಜಿ ಹೊಸದೇ ಎಂದು ಕೇಳುವ ವ್ಯವಧಾನ ಯಾರಿಗಿದೆ? ಶಾಯಿಗಳಲ್ಲಿ ಭಾರಲೋಹಗಳಿರುವ ವಿಷಯವನ್ನು 2025ರಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೇ ಎತ್ತಿ ಹೇಳಿತು. ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷದವರೆಗೆ ರಕ್ತದಾನ ಮಾಡಬಾರದೆಂಬ ನಿಯಮವಿರುವುದೂ ಈ ಕಾರಣದಿಂದಲೇ.

ಎರಡನೆಯದು ಜೀವನೋಪಾಯ. ನಮ್ಮ ಕಡೆಯ ಅನೇಕ ಹುಡುಗರಿಗೆ ಸೈನ್ಯ ಸೇರುವ ಹಂಬಲವಿದೆ; ಬೆಳಗಿನ ಜಾವದಲ್ಲಿ ಹೆದ್ದಾರಿಯ ಅಂಚಿನಲ್ಲಿ ಓಡಿ ಅಭ್ಯಾಸ ಮಾಡುವವರನ್ನು ಕುಡತಿನಿಯವರೆಲ್ಲ ಕಂಡಿದ್ದಾರೆ. ಭೂಸೇನೆಯ ನೇಮಕದ ಪ್ರಕಟಣೆಗಳಲ್ಲಿ ಹಚ್ಚೆಯ ನಿಯಮ ಸ್ಪಷ್ಟವಾಗಿದೆ: ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ ಮತ್ತು ಅಂಗೈಯ ಹಿಂಭಾಗ, ಇಷ್ಟರಲ್ಲಿ ಮಾತ್ರ ಶಾಶ್ವತ ಹಚ್ಚೆಗೆ ಅವಕಾಶ. ಬೇರೆಡೆಯಲ್ಲಿದ್ದರೆ, ಬುಡಕಟ್ಟಿನ ಸಂಪ್ರದಾಯವೆಂದು ಪರಿಗಣಿಸಬಹುದಾದ ಸಂದರ್ಭಗಳನ್ನು ಬಿಟ್ಟು, ಅಭ್ಯರ್ಥಿಯನ್ನು ಕೈಬಿಡುತ್ತಾರೆ. ಮೇಲ್ತೋಳಿನಲ್ಲಿ ನಾಯಕನಟನ ಹೆಸರಿರುವ ಹುಡುಗನು ಎಷ್ಟು ವೇಗವಾಗಿ ಓಡಿದರೂ ಆ ಮೂರಕ್ಷರ ಅವನಿಗಿಂತ ಮುಂದೆ ಓಡಿ ಬಾಗಿಲು ಹಾಕುತ್ತದೆ. ಲೇಸರ್ ಕಿರಣದಿಂದ ಅಳಿಸಬಹುದೆಂಬುದು ನಿಜ. ಆದರೆ ಅದು ಹಲವು ಸಲದ ಚಿಕಿತ್ಸೆ, ಹಾಕಿಸಿಕೊಂಡದ್ದಕ್ಕಿಂತ ದುಬಾರಿ, ಕಲೆ ಉಳಿಯದೆಂಬ ಭರವಸೆಯೂ ಇಲ್ಲ. ಈ ನಿಯಮವನ್ನು ಹುಡುಗರಿಗೆ ಒಂಬತ್ತನೆಯ ತರಗತಿಯಲ್ಲಿಯೇ ತಿಳಿಸಿದ ಶಾಲೆ ಎಷ್ಟೋ ಮನೆಗಳ ಅನ್ನವನ್ನು ಉಳಿಸಿದಂತಾಗುತ್ತದೆ.

ಮೂರನೆಯದು ಮನಸ್ಸಿನ ಸ್ವಭಾವ. ಹದಿನಾರನೆಯ ವಯಸ್ಸಿನಲ್ಲಿ ಮನಸ್ಸು ಹರಿಯುವ ನೀರು. ಆಗ ಪ್ರಿಯವಾದ ಹೆಸರು ಇಪ್ಪತ್ತಾರಕ್ಕೆ ಅಪ್ರಿಯವಾಗಬಹುದು. ಮೈಯ ಸ್ವಭಾವವಾದರೋ ಬೇರೆ. ತೊಗಲಿನ ಮೇಲ್ಪದರ ಸದಾ ಉದುರಿ ಹೊಸದಾಗುತ್ತಿರುತ್ತದೆ. ಹಚ್ಚೆಯ ಮಸಿ ನಿಲ್ಲುವುದು ಅದರ ಕೆಳಗಿನ ಪದರದಲ್ಲಿ. ಅಲ್ಲಿ ರಕ್ಷಕ ಜೀವಕಣಗಳು ಆ ಮಸಿಯನ್ನು ನುಂಗಿ ಹಿಡಿದುಕೊಂಡಿರುತ್ತವೆ. ಒಂದು ಕಣ ಸತ್ತು ಮಸಿಯನ್ನು ಚೆಲ್ಲಿದರೆ ಹೊಸದಾಗಿ ಬಂದ ಕಣ ಅದನ್ನೆತ್ತಿ ಹಿಡಿಯುತ್ತದೆಂದು ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಮೈಯು ಒಮ್ಮೆ ಹಿಡಿದದ್ದನ್ನು ಪೀಳಿಗೆಯಿಂದ ಪೀಳಿಗೆಗೆ ಒಪ್ಪಿಸುತ್ತ ಬಿಡದೆ ಕಾಯುತ್ತದೆ. ಅಂಥ ನಿಷ್ಠಾವಂತ ಸೇವಕನ ಕೈಗೆ ಕ್ಷಣಿಕವಾದ ಆಜ್ಞೆಯನ್ನು ಕೊಡುವುದು ವಿವೇಕವಲ್ಲ. ಪ್ರಾಯ ತುಂಬಿ, ದುಡಿಮೆ ನೆಲೆಗೊಂಡು, ಆಗಲೂ ಬೇಕೆನಿಸಿದರೆ ಅದು ಅವರವರ ಮೈ, ಅವರವರ ಇಚ್ಛೆ.

ಇಷ್ಟು ವಿದ್ಯಾರ್ಥಿಗಳಿಗೆ. ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿನಂತಿ ಒಂದೇ. ಹಚ್ಚೆಯಿರುವ ಮಗು ತರಗತಿಗೆ ಬಂದಾಗ ಮೊದಲ ಮಾತು ಗದರಿಕೆಯಾಗದಿರಲಿ. ಇದು ಯಾರ ಹೆಸರು, ಏಕೆ ಹಾಕಿಸಿಕೊಂಡೆ ಎಂದು ಕೇಳಿರಿ. ಉತ್ತರದಲ್ಲಿ ಸತ್ತ ತಾಯಿಯಿರಬಹುದು, ಗೆಳೆಯರ ಒತ್ತಾಯವಿರಬಹುದು, ಬರಿಯ ಚಪಲವಿರಬಹುದು. ಮೂರಕ್ಕೂ ಒಂದೇ ಬೆತ್ತ ಹೇಗೆ ಸಲ್ಲುತ್ತದೆ? ಆಗಿಹೋದ ಗುರುತನ್ನು ಹಿಡಿದು ಮಗುವನ್ನು ತರಗತಿಯ ಮುಂದೆ ನಿಲ್ಲಿಸಿ ಅವಮಾನಿಸಿದರೆ ಚರ್ಮದ ಮೇಲಿನ ಹಚ್ಚೆಗೆ ಮನಸ್ಸಿನ ಮೇಲಿನದೊಂದು ಹಚ್ಚೆ ಸೇರುತ್ತದೆ. ಅದನ್ನು ಅಳಿಸುವ ಕಿರಣವನ್ನು ಯಾವ ವೈದ್ಯನೂ ಕಂಡುಹಿಡಿದಿಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ಮತ್ತು ಉದಾರಿಗಳಾದ ದಾನಿಗಳಲ್ಲಿಯೂ ಒಂದು ಅರಿಕೆಯಿದೆ. ಸೂಜಿ ಕಟ್ಟಿ ಹಾಡುತ್ತ ಹಚ್ಚೆ ಹಾಕಬಲ್ಲ ಕೊರವಂಜಿಯರು ನಮ್ಮ ಸೀಮೆಯಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಅವರ ಚಿತ್ರಗಳನ್ನು ಹೊತ್ತ ಅಜ್ಜಿಯರೂ ವರ್ಷವರ್ಷಕ್ಕೆ ಮರೆಯಾಗುತ್ತಿದ್ದಾರೆ. ಬೂದಿದಿಬ್ಬಕ್ಕೆ ಪ್ರಾಚ್ಯವಸ್ತು ಶೋಧಕರು ಬಂದರು, ಬಂಡೆಯ ಚಿತ್ರಗಳಿಗೆ ವಿದೇಶದ ಪಂಡಿತರು ಬಂದರು. ಈ ಚಿತ್ರಗಳಿಗೆ ಯಾರು ಬರಬೇಕು? ನಮ್ಮ ಹತ್ತನೆಯ ತರಗತಿಯ ಮಕ್ಕಳು ಬೇಸಗೆಯ ರಜೆಯಲ್ಲಿ ತಂತಮ್ಮ ಅಜ್ಜಿಯರ ಮುಂದೆ ಕುಳಿತು, ಅವರ ಅನುಮತಿ ಪಡೆದು, ಕೈಯ ಚಿತ್ರವನ್ನು ಕಾಗದದ ಮೇಲೆ ಬರೆದುಕೊಂಡು, ಅದರ 'ಹೆಸರು, ಹಾಕಿಸಿದ ವಯಸ್ಸು, ಹಾಕಿದವಳ ಊರು, ಕೊಟ್ಟ ಕೂಲಿ' ಇಷ್ಟನ್ನು ಗುರುತು ಹಾಕಿಕೊಂಡರೆ ಸಾಕು. ಕುರುಗೋಡು, ಸಿರುಗುಪ್ಪ, ಕುಡತಿನಿಗಳ ಸುತ್ತಣ ಹಳ್ಳಿಗಳಿಂದ ಒಂದೇ ವರ್ಷದಲ್ಲಿ ಒಳ್ಳೆಯ ಸಂಗ್ರಹವಾದೀತು. ಬದುಕಿರುವ ಕೊರವಂಜಿಯರನ್ನು ಕರೆದು ಅವರಿಂದ ಆ ಚಿತ್ರಗಳನ್ನು ಹಾಳೆಯ ಮೇಲೆ ಬರೆಯಿಸಿ, ಕಲಾವಿದರಿಗೆ ಕೊಡುವ ಸಂಭಾವನೆಯನ್ನು ಅವರಿಗೂ ಕೊಟ್ಟು, ಅವರ ಹೆಸರಿನೊಡನೆ ಅಚ್ಚು ಹಾಕಿಸುವುದು ದೊಡ್ಡ ವೆಚ್ಚದ ಕೆಲಸವೇನಲ್ಲ. ಊರಿಗೆ ಊರೇ ಅವರ ಕೈಯಿಂದ ಸಿಂಗಾರಗೊಂಡಿತು. ಅವರ ಹೆಸರನ್ನು ಮಾತ್ರ ಯಾರೂ ಬರೆದುಕೊಳ್ಳಲಿಲ್ಲ. ಆ ಋಣ ನಮ್ಮ ಮೇಲಿದೆ.

ಹಾಗೆ ಮೊಮ್ಮಗನು ಅಜ್ಜಿಯ ಕೈ ಹಿಡಿದು ಒಂದೊಂದೇ ಗೆರೆಯನ್ನು ಕೇಳಿ ಬರೆದುಕೊಳ್ಳುವ ದಿನ ಬಂದರೆ ಎರಡು ಉಪಕಾರಗಳಾಗುತ್ತವೆ. ಅಜ್ಜಿಯು ತನ್ನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಬೇಕಾದ ಅಗತ್ಯ ತಪ್ಪುತ್ತದೆ. ಮೈಯ ಮೇಲೆ ಬರೆಯಿಸಿದ್ದು ಎಷ್ಟು ಕಾಲ ನಿಲ್ಲುತ್ತದೆಂಬುದನ್ನು ಮೊಮ್ಮಗನು ಎಪ್ಪತ್ತು ವರ್ಷದ ಹಸಿರನ್ನು ಕಣ್ಣಾರೆ ಕಂಡು ಅರಿಯುತ್ತಾನೆ. ನಮ್ಮ ನೂರು ಉಪದೇಶಗಳಿಗಿಂತ ಆ ಪಾಠ ಮೇಲು. ಅಂಥ ದಿನ ನಮ್ಮ ಶಾಲೆಯ ಮಕ್ಕಳಿಗೆ ಬೇಗ ಬರಲೆಂದು ಹಾರೈಸುತ್ತೇನೆ.